ಇಪ್ಪತ್ತೆಂಟು ಹಾಳೆ, ಒಂದು ಕತ್ತಿ

"ಸುರೇಂದ್ರನ ಹತ್ತಿರ ಮಾತಾಡುವಾಗ ಒಂದು ಕಾಲು ಹಿಂದಿಟ್ಟುಕೊಂಡೇ ನಿಲ್ಲಬೇಕು" ಎಂದು ಕಲ್ಲುಬಾನಿಯ ಹೆಂಗಸರು ಹೇಳುತ್ತಿದ್ದರು. ಓಡುವುದಕ್ಕೆ ಅನುಕೂಲವಾಗಲಿ ಎಂದು. ಗಂಡಸರ ಮಾತು ಬೇರೆ. "ಅವನಿಗೆ ಸಿಟ್ಟು ಬರಲ್ಲ ಮಾರಾಯ, ಸಿಟ್ಟೇ ಅವನು. ಆಗಾಗ ಹೋಗಿ ಊಟ ಮಾಡ್ಕೊಂಡು ಬರುತ್ತೆ ಅಷ್ಟೇ." ಪಕ್ಕದ ಮನೆಯ ಮುದುಕಿ ದ್ಯಾವಮ್ಮನ ಮಾತು ಎಲ್ಲಕ್ಕಿಂತ ಚಿಕ್ಕದು. "ಕೈ ಒಳ್ಳೇದು. ಕೈ ಹಿಂದೆ ತಲೆ ಇಲ್ಲ."

ಕಲ್ಲುಬಾನಿ ದೇವರಮನೆ ಗುಡ್ಡಕ್ಕೆ ಹತ್ತುವ ದಾರಿಯಲ್ಲಿದೆ. ಇಪ್ಪತ್ತೆಂಟು ಮನೆ. ಒಬ್ಬೊಬ್ಬರಿಗೆ ಎರಡೋ ಮೂರೋ ಎಕರೆ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಗೂಡಿನಲ್ಲಿ ಒಂದೆರಡು ಹಂದಿ. ಸುರೇಂದ್ರನದೂ ಅಷ್ಟೇ ಬದುಕು. ಆದರೆ ಅವನ ಮೈಮೇಲೆ ಇದ್ದಷ್ಟು ಗಾಯದ ಗುರುತು ಉಳಿದ ಇಪ್ಪತ್ತೇಳು ಮನೆಯವರ ಮೈಗಳನ್ನು ಸೇರಿಸಿದರೂ ಸಿಗುತ್ತಿರಲಿಲ್ಲ. ಒಮ್ಮೆ ಬಸ್ಸಿನ ಕಂಡಕ್ಟರ್, ಕೋಳಿಬುಟ್ಟಿ ಹಿಡಿದು ಹತ್ತಿದ ಅವನ ಹೆಂಡತಿ ಕೃಷ್ಣಮ್ಮನಿಗೆ "ಕೋಳಿ ಒಳಗೆ ಬರ್ಲಿ, ನೀನು ಮೇಲೆ ಕೂತ್ಕೋ" ಎಂದಿದ್ದಕ್ಕೆ, ಬಸ್ಸು ಮುಂದಿನ ತಿರುವು ದಾಟುವುದರೊಳಗೆ ಕಂಡಕ್ಟರ್ ಎರಡು ಹಲ್ಲು ಕಳೆದುಕೊಂಡಿದ್ದ. ಇನ್ನೊಮ್ಮೆ ತೋಟದಲ್ಲಿ ಎದುರಾದ ಕಾಡುಹಂದಿ ಸುರೇಂದ್ರನ ತೊಡೆಯನ್ನು ಮಂಡಿಯವರೆಗೆ ಸೀಳಿತು. ಅವನು ಕುಂಟುತ್ತ ಮನೆಗೆ ಬಂದು, ಕಾಫಿ ಚೀಲ ಹೊಲಿಯುವ ದಬ್ಬಣ ತೆಗೆದು, ಹೆಂಡತಿಯ ಕೈಯಲ್ಲಿ ದಾರ ಪೋಣಿಸಿಕೊಂಡು, ಜಗಲಿಯಲ್ಲಿ ಕೂತು ತನ್ನ ತೊಡೆಯನ್ನು ತಾನೇ ಹೊಲಿದುಕೊಂಡ. ಹೊಲಿಯುತ್ತ ಹಂದಿಗೆ ಬೈಯುತ್ತಿದ್ದ. ಕೃಷ್ಣಮ್ಮ ಆಮೇಲೆ ಹೇಳಿದ್ದು, "ಹೊಲಿಗೆ ನೆಟ್ಟಗಿತ್ತು."

ಆ ಕೈಯ ಚೆಂದ ನೋಡಬೇಕಾದರೆ ಯುಗಾದಿಯ ಮಾರನೇ ದಿನ, ವರ್ಷತೊಡಕಿಗೆ ಕಲ್ಲುಬಾನಿಗೆ ಬರಬೇಕಿತ್ತು. ಊರಿಗೆಲ್ಲ ಸೇರಿ ಎರಡು ಹಂದಿ. ಬೆಳಿಗ್ಗೆಯೇ ಕಾಲು ಕಟ್ಟಿ ಬಯಲಿಗೆ ತರುತ್ತಿದ್ದರು. ಅದರ ಕಿರುಚಾಟ ಎದುರು ಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು. ಸುರೇಂದ್ರ ಮಂಡಿಯೂರಿ, ಎಡಗೈಯಲ್ಲಿ ಕುತ್ತಿಗೆ ತಡವಿ ಜಾಗ ಹುಡುಕಿ, ಒಂದೇ ತಿವಿತಕ್ಕೆ ಮುಗಿಸುತ್ತಿದ್ದ. ಎರಡನೇ ಸಲ ಚೂರಿ ಇಳಿಸಿದ್ದನ್ನು ಯಾರೂ ನೋಡಿಲ್ಲ. ಹುಲ್ಲು ಹಾಕಿ ಸುಟ್ಟು, ಹೆರೆದು, ತೊಳೆದು, ಕೊರಡಿನ ಮೇಲೆ ಕಡಿದು, ನೆಲಕ್ಕೆ ಹಾಸಿದ ಇಪ್ಪತ್ತೆಂಟು ಬಾಳೆ ಎಲೆಗಳ ಮೇಲೆ ಇಪ್ಪತ್ತೆಂಟು ಗುಡ್ಡೆ ಹಾಕುತ್ತಿದ್ದ. ತಕ್ಕಡಿಯಿಲ್ಲ. ಮೂಳೆ, ಕೊಬ್ಬು, ತೊಗಲು, ಮೆತ್ತನೆ ಮಾಂಸ ಎಲ್ಲವೂ ಪ್ರತಿ ಗುಡ್ಡೆಗೆ ಸಮಸಮ. ಊರು ಸುತ್ತ ನಿಂತು ನೋಡುತ್ತಿತ್ತು. ಯಾರಿಗಾದರೂ ಅನುಮಾನ ಬಂದರೆ ಬೆರಳು ತೋರಿಸಿದರೆ ಸಾಕು, ಒಂದು ತುಂಡು ಆ ಎಲೆಯಿಂದ ಈ ಎಲೆಗೆ ಹಾರುತ್ತಿತ್ತು.

ಆಮೇಲೆ ಹಂಚುವುದು. ಇಲ್ಲಿಗೆ ಮಾರಯ್ಯ ಬೇಕು. ಮಾರಯ್ಯ ಪಕ್ಕದ ಎಸ್ಟೇಟಿನಲ್ಲಿ ಮೇಸ್ತ್ರಿ, ಸುರೇಂದ್ರನ ಜೊತೆ ಒಂದೇ ತೊರೆಯಲ್ಲಿ ಏಡಿ ಹಿಡಿದು ಬೆಳೆದವನು. ಅವನು ಗುಡ್ಡೆಗಳಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಸುರೇಂದ್ರ ಕತ್ತಿಯ ತುದಿಯನ್ನು ಒಂದು ಗುಡ್ಡೆಯ ಮೇಲಿಟ್ಟು "ಇದು ಯಾರಿಗೆ?" ಎಂದು ಕೇಳುವುದು. ಹಿಂದೆ ಯಾವ ಗುಡ್ಡೆ ಇದೆಯೆಂದು ಕಾಣದ ಮಾರಯ್ಯ ಬಾಯಿಗೆ ಬಂದ ಮನೆಯ ಹೆಸರು ಕೂಗುವುದು. "ಇದು ದ್ಯಾವಮ್ಮನಿಗೆ." "ಇದು?" "ಮೇಲಿನಮನೆಗೆ." ಹೀಗೆ ಇಪ್ಪತ್ತೆಂಟು ಸಲ. ಕಡಿದವನಿಗೆ ತಲೆ, ಕೂಗಿದವನಿಗೆ ಈಲಿ, ಪೇಟೆಯವರು ಲಿವರ್ ಅನ್ನುವುದು. ಹಂದಿಯ ಮೈಯಲ್ಲಿ ಎಲ್ಲಕ್ಕಿಂತ ಮೃದುವಾದದ್ದು ಆ ಈಲಿ. ಅದು ಮಾರಯ್ಯನ ಗುಡ್ಡೆಯ ಮೇಲೆ, ಎಲ್ಲರ ಕಣ್ಣೆದುರಿಗೆ ಕೂರುತ್ತಿತ್ತು. ತಿನ್ನುವುದಕ್ಕಿಂತ ಅದು ಕಾಣುವುದೇ ಮಾರಯ್ಯನಿಗೆ ದೊಡ್ಡದು.

ಕತ್ತಿ ಹಿಡಿದು ನಿಂತ ಸುರೇಂದ್ರನಿಗೆ ಬೆನ್ನು ಕೊಟ್ಟು ನಿಲ್ಲುವ ಇನ್ನೊಬ್ಬ ಗಂಡಸು ಊರಿನಲ್ಲಿರಲಿಲ್ಲ. ಮಾರಯ್ಯ ಇಪ್ಪತ್ತೆರಡು ವರ್ಷ ನಿಂತ.

ಆಮೇಲೆ ಬಂತು ಆಲಿಕಲ್ಲಿನ ಯುಗಾದಿ. ಹಬ್ಬದ ಸಂಜೆ ನಾಲ್ಕು ಗಂಟೆಗೆ ಗೋಲಿಯಂಥ ಆಲಿಕಲ್ಲು ಅರ್ಧ ಗಂಟೆ ಹೊಡೆಯಿತು. ಕಾಫಿ ಹೂವು ನೆಲ ಸೇರಿತು. ಊರಿನ ಬಾಳೆ ಎಲೆಯೆಲ್ಲ ಸೀಳಿ ಸೀಳಿ ಬಾಚಣಿಗೆಯಾಯಿತು. ತೇಗ ಆ ಕಾಲಕ್ಕೆ ಬೋಳು. ಬೆಳಿಗ್ಗೆ ಎಲೆ ಎಲ್ಲಿಂದ ತರುವುದು?

ಸುರೇಂದ್ರ ಕೊಟ್ಟಿಗೆಹಾರಕ್ಕೆ ಹೋಗಿ ಸೋಮಶೇಖರಪ್ಪನವರ ಅಂಗಡಿಯಿಂದ ಒಂದು ಕಟ್ಟು ಕಪ್ಪು ಕವರ್ ತಂದ. ಸೋಮಶೇಖರಪ್ಪ ಮಾಂಸ ಮುಟ್ಟುವವರಲ್ಲ. "ನಿಮ್ಮ ಹಂದಿಗೆ ನನ್ನ ಕವರ್, ನನಗೂ ಅರ್ಧ ಪಾಪ ಬಂತಲ್ಲ ಗೌಡ್ರೆ" ಎಂದು ನಕ್ಕಿದ್ದರು.

ಮಾರನೇ ದಿನವೂ ಮೋಡ ಮುತ್ತಿತ್ತು. ಬೇಗ ಮುಗಿಸಬೇಕು. ಸುರೇಂದ್ರ ಕಡಿದದ್ದನ್ನು ಕಡಿದ ಹಾಗೆಯೇ ಕವರಿಗೆ ತುಂಬಿ, ಗಂಟು ಹಾಕಿ, ಕಲ್ಲುಹಾಸಿನ ಮೇಲೆ ಸಾಲಾಗಿ ಇಟ್ಟ. ಈಲಿ ಹಾಕಿದ ಕವರನ್ನು ಕೊನೆಯಲ್ಲಿಟ್ಟ. ಮಾರಯ್ಯ ಬಿಳಿ ಪಂಚೆ ಉಟ್ಟು, ಕೂಗುವುದಕ್ಕೆ ಗಂಟಲು ಸರಿಮಾಡಿಕೊಂಡು ಬಂದು ತನ್ನ ಜಾಗದಲ್ಲಿ ಬೆನ್ನು ಹಾಕಿ ನಿಂತ.

"ಕೂಗೋದು ಎಂತಕ್ಕೆ ಮಾರಾಯ, ಎಲ್ಲ ಒಂದೇ ತರ ಇದೆ. ಬಂದವರು ಒಂದೊಂದು ಎತ್ಕೊಂಡು ಹೋಗ್ಲಿ. ಮಳೆ ಬರುತ್ತೆ" ಎಂದ ಸುರೇಂದ್ರ.

ಮಾರಯ್ಯ ತಿರುಗಿ ನೋಡಿದ. ಇಪ್ಪತ್ತೆಂಟು ಕಪ್ಪು ಗಂಟು. ಜನ ಆಗಲೇ ನುಗ್ಗಿ ಎತ್ತಿಕೊಳ್ಳುತ್ತಿದ್ದರು. ಉಳಿದ ಒಂದನ್ನು ಅವನೂ ಎತ್ತಿಕೊಂಡು ಹೋದ.

ಮಧ್ಯಾಹ್ನ ಊಟದ ಹೊತ್ತಿಗೆ ವಾಪಸು ಬಂದ. ಸುರೇಂದ್ರ ಅಂಗಳದಲ್ಲಿ ಕೂತು ಹಂದಿತಲೆ ಸೀಳುತ್ತಿದ್ದ. ಮಾರಯ್ಯ ಕವರನ್ನು ಅವನ ಕಾಲ ಬುಡಕ್ಕೆ ಕೊಡವಿದ. ಮೂಳೆ, ಕೊಬ್ಬು, ಬಾಲದ ತುಂಡು.

"ಎಂತ ಇದು?" ಎಂದ ಸುರೇಂದ್ರ.

"ನೀನೇ ಹೇಳು. ಇಪ್ಪತ್ತೆರಡು ವರ್ಷ ಕೂಗಿದ್ದಕ್ಕೆ ನಾಯಿಗೆ ಹಾಕೋದನ್ನ ಕಟ್ಟಿ ಕೊಟ್ಟಿದ್ದೀಯಲ್ಲ, ಎಂತ ಇದು?"

"ಈಲಿ ಹಾಕಿದ್ದೆ. ಕೊನೇದರಲ್ಲಿತ್ತು."

"ಕೊನೇದು ಅಂತ ಅದರ ಮೇಲೆ ಬರ್ದಿತ್ತಾ? ಬಾಯಿ ಕಟ್ಟಿದ ಕವರ್ ಒಳಗೆ ಎಂತ ತುಂಬಿದರೂ ಆಯ್ತು, ಅಲ್ವಾ? ಈಲಿ ಒಳಗೆ ಬೇಯ್ತಾ ಇರಬೇಕು. ಕರಿ ನಿನ್ನ ಹೆಂಡ್ತಿನ. ಒಲೆ ಮೇಲಿನ ಪಾತ್ರೆ ತೆಗೆದು ತೋರಿಸ್ಲಿ."

ಹೆಂಡತಿಯ ಪಾತ್ರೆಯ ಮಾತು ಬಂದದ್ದೇ ತಡ. ಕೈ ಎದ್ದಿತು, ಕೈಯಲ್ಲಿ ಕತ್ತಿ ಇತ್ತು. ತಲೆಗೆ ಬರುವುದನ್ನು ತಡೆಯಲು ಮಾರಯ್ಯ ಬಲಗೈ ಅಡ್ಡ ಹಿಡಿದ. ಹೆಬ್ಬೆರಳು, ತೋರುಬೆರಳು ಉಳಿದವು. ಉಳಿದ ಮೂರು ಅಂಗಳಕ್ಕೆ ಬಿದ್ದವು, ಹಂದಿಯ ತುಂಡುಗಳ ನಡುವೆ.

ಮಾರಯ್ಯ ತನ್ನ ಕೈಯನ್ನು ಬೇರೆಯವರದ್ದೆಂಬಂತೆ ನೋಡುತ್ತ ನಿಂತಿದ್ದ. ನಾಯಿಗಳು ಮೊದಲು ಅಲುಗಿದವು. ಕೃಷ್ಣಮ್ಮ ಒಳಗಿನಿಂದ ಓಡಿ ಬಂದು, ಒಂದು ನಾಯಿಯ ದವಡೆಗೆ ಒನಕೆಯಿಂದ ಹೊಡೆದು, ನೆಲದ ಮೇಲೆ ಮಂಡಿಯೂರಿ ಮಾಂಸದ ರಾಶಿಯಲ್ಲಿ ಬೆರಳು ಹುಡುಕಿದಳು. ಎರಡು ಸಿಕ್ಕಿದವು. ಕೈಗೆ ಸಿಕ್ಕಿದ ಅದೇ ಕಪ್ಪು ಕವರಿಗೆ ಹಾಕಿಕೊಂಡು, ಸೆರಗಿನಿಂದ ಮಾರಯ್ಯನ ಮುಂಗೈ ಬಿಗಿದು ಕಟ್ಟಿ, ಜೀಪಿನಲ್ಲಿ ಮೂಡಿಗೆರೆಗೆ, ಅಲ್ಲಿಂದ ಚಿಕ್ಕಮಗಳೂರಿಗೆ ಹೋದಳು. ಡಾಕ್ಟರು ಕವರ್ ಬಿಚ್ಚಿ ನೋಡಿ ಗಂಟು ಹಾಕಿ ವಾಪಸು ಕೊಟ್ಟರು. ಹೊತ್ತು ಮೀರಿತ್ತು. ಸುರೇಂದ್ರ ಪೊಲೀಸರು ಬರುವವರೆಗೆ ಅದೇ ಕೊರಡಿನ ಮೇಲೆ ಕೂತಿದ್ದ. ಸೀಳಿದ ಹಂದಿತಲೆ ಅವನ ಪಕ್ಕದಲ್ಲಿ.

ಮಾರನೇ ಬೆಳಿಗ್ಗೆ ಕೃಷ್ಣಮ್ಮ ನಲ್ಲಿಯ ಹತ್ತಿರ ನಿಂತಿದ್ದಾಗ ದ್ಯಾವಮ್ಮ ಬಂದಳು. ಹಿಂದಿನ ದಿನ ಕವರ್ ತಂದಿಟ್ಟು ಜ್ವರದಲ್ಲಿ ಮಲಗಿದ್ದ ಮುದುಕಿಗೆ ಊರಿನ ಸುದ್ದಿ ಗೊತ್ತಿರಲಿಲ್ಲ.

"ಸುರೇಂದ್ರ ಎಲ್ಲೇ? ದೇವರು ಅವನಿಗೆ ಒಳ್ಳೇದು ಮಾಡ್ಲಿ. ಹಲ್ಲಿಲ್ಲದ ಮುದುಕಿ ಅಂತ ನನ್ನ ಕವರಿಗೆ ಈಲಿ ಹಾಕಿದ್ದಾನೆ" ಎಂದಳು.

ಕೃಷ್ಣಮ್ಮ ಬಿಂದಿಗೆಯನ್ನು ನಲ್ಲಿಯ ಕೆಳಗಿಟ್ಟಳು. ನೀರು ತುಂಬಿ ಹರಿದು ಹೋಗುತ್ತಿದ್ದರೂ ನಲ್ಲಿ ನಿಲ್ಲಿಸಲಿಲ್ಲ.

ಕೋರ್ಟಿನಲ್ಲಿ ಮಾರಯ್ಯ ಹೆಚ್ಚು ಮಾತಾಡಲಿಲ್ಲ. ಎರಡು ಬೆರಳಿನ ಕೈ ಎತ್ತಿ ತೋರಿಸಿ "ಇವನೇ" ಎಂದ. ವಿಚಾರಣೆ, ಶಿಕ್ಷೆ ಎಲ್ಲ ಸೇರಿ ಸುರೇಂದ್ರ ನಾಲ್ಕು ವರ್ಷ ಊರಿನ ಹೊರಗಿದ್ದ. ಆ ನಾಲ್ಕು ವರ್ಷ ಅವನ ತಲೆಯಲ್ಲಿ ಉಳಿದದ್ದು ಒಂದೇ ಮಾತು. ಎಲೆಯಾಗಿದ್ದರೆ ಕಾಣುತ್ತಿತ್ತು.

ಊರಿನಲ್ಲಿ ಗುಡ್ಡೆಪಾಲು ನಿಂತುಹೋಯಿತು. ಕಡಿಯುವವನಿಲ್ಲ, ಕೂಗುವವನಿಲ್ಲ. ಜನ ವರ್ಷತೊಡಕಿಗೆ ಮೂಡಿಗೆರೆಯಿಂದ ಬ್ರಾಯ್ಲರ್ ಕೋಳಿ ತರತೊಡಗಿದರು, ಕವರಿನಲ್ಲಿ. ಮಾಂಸ ತಂದವರು ಪಕ್ಕದವರಿಗೆ ಕಾಣದ ಹಾಗೆ ಒಳಗೆ ಹೋಗುವುದು ರೂಢಿಯಾಯಿತು. ಖಾಲಿ ಕವರುಗಳು ತೊರೆಗೆ ಬಿದ್ದು, ಮಳೆಗಾಲದಲ್ಲಿ ಮೋರಿ ಕಟ್ಟಿ, ರಸ್ತೆಯ ನೀರು ತೋಟಕ್ಕೆ ನುಗ್ಗಿ, ಆ ತೋಟದವನು ಈ ತೋಟದವನಿಗೆ ಹಾರೆ ತೆಗೆದುಕೊಂಡು ಹೋಗುವಷ್ಟು ಜಗಳ. ಇಬ್ಬರು ಕೈ ಮುರಿದುಕೊಂಡರು. ಒಬ್ಬನ ದನ ಕವರ್ ತಿಂದು ಹೊಟ್ಟೆ ಊದಿ ಸತ್ತಿತು.

ಸುರೇಂದ್ರ ಬಿಡುಗಡೆಯಾಗಿ ಬಂದ ದಿನ ಕೃಷ್ಣಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಒಳಗೆ ಬನ್ನಿ. ಕಾಲು ತೊಳ್ಕೊಳ್ಳಿ, ಊಟ ಮಾಡಿ. ಆದ್ರೆ ಒಂದು ಮಾತು. ಇನ್ನೊಂದು ಸಲ ಮನುಷ್ಯರ ಮೇಲೆ ನಿಮ್ಮ ಕೈ ಎದ್ದರೆ, ಅವತ್ತು ಈ ಹೊಸ್ತಿಲು ದಾಟಿ ಹೋಗೋಳು ನಾನು. ತಿರುಗಿ ಬರೋದಿಲ್ಲ."

"ನನ್ನ ಕೈ ನನ್ನ ಮಾತು ಕೇಳಲ್ಲ ಕೃಷ್ಣಿ."

"ಹಂಗಾದ್ರೆ ನನ್ನ ಮಾತು ಕೇಳೋದು ಕಲಿಸಿ."

ಅವನಿಗೆ ಬೇಕಾಗಿದ್ದದ್ದು ಎರಡು. ಹೆಂಡತಿ ಮನೆಯಲ್ಲಿರಬೇಕು. ಮಾರಯ್ಯ ಇನ್ನೊಂದು ಸಲ ಬಂದು ಅವನಿಗೆ ಬೆನ್ನು ಕೊಟ್ಟು ನಿಂತು ಕೂಗಬೇಕು. ಮೊದಲನೆಯದು ಕೈಯ ಕೆಲಸ. ಎರಡನೆಯದಕ್ಕೆ ಯಾರ ಹತ್ತಿರವೂ ಉಪಾಯವಿರಲಿಲ್ಲ.

ಮುಂದಿನ ವರ್ಷ ಊರಿನ ಹೆಂಗಸರ ಸಂಘ ಸಭೆ ಸೇರಿ, ಕಲ್ಲುಬಾನಿಗೆ ಕವರ್ ಬರಬಾರದೆಂದು ಮಾತಾಡಿಕೊಂಡಿತು. ಪಂಚಾಯಿತಿಯೂ ಬರೆದು ಮೊಹರು ಹಾಕಿತು. ಬರೆದದ್ದು ಗೋಡೆಯ ಮೇಲಿತ್ತು, ಕವರು ಕೈಯಲ್ಲಿತ್ತು. ಸುರೇಂದ್ರ ಎರಡು ತಿಂಗಳು ನೋಡಿದ. ಒಂದು ಬೆಳಿಗ್ಗೆ ಕೊರಡನ್ನು ಹೆಗಲ ಮೇಲೆ ಹೊತ್ತು ಕೊಟ್ಟಿಗೆಹಾರಕ್ಕೆ ಹೋಗಿ, ಸೋಮಶೇಖರಪ್ಪನವರ ಅಂಗಡಿಯ ಮುಂದೆ ಇಳಿಸಿ, ಒಳಗೆ ನುಗ್ಗಿ, ಕವರಿನ ಕಟ್ಟುಗಳನ್ನೆಲ್ಲ ತಬ್ಬಿ ತಂದು ಕಡಿಯತೊಡಗಿದ. ಹಂದಿ ಕಡಿಯುವ ಹಾಗೆ. ಬೆವರು ಸುರಿಯುತ್ತಿತ್ತು, ಹಲ್ಲು ಕಚ್ಚಿಕೊಂಡಿದ್ದ, ಬಸ್ಸಿಗೆ ಕಾದವರು ಎದುರು ಅಂಗಡಿಯೊಳಕ್ಕೆ ಸರಿದರು.

ಸೋಮಶೇಖರಪ್ಪ ತಮ್ಮ ಕುರ್ಚಿಯಿಂದ ಏಳಲಿಲ್ಲ. "ಕಡೀರಿ ಗೌಡ್ರೆ. ಆದ್ರೆ ಹಂದಿ ಕಡಿದ್ರೆ ಹಂದಿ ಮುಗಿಯುತ್ತೆ. ಇದು ಕಡಿದಷ್ಟೂ ಜಾಸ್ತಿ ಆಗುತ್ತೆ. ನೋಡಿ."

ಸುರೇಂದ್ರ ನೋಡಿದ. ಗಾಳಿ ಬಂದಿತ್ತು. ಕಪ್ಪು ಚೂರುಗಳು ಚರಂಡಿಗೆ, ರಸ್ತೆಗೆ, ಎದುರಿನ ಹೋಟೆಲಿನ ಇಡ್ಲಿ ಪಾತ್ರೆಯವರೆಗೆ ಹಾರಿದ್ದವು. ಅವನು ಎರಡು ದಿನ ಬಗ್ಗಿ ಬಗ್ಗಿ ಹೆಕ್ಕಿದ. ಎರಡನೇ ದಿನ ಸಂಜೆ ಸೋಮಶೇಖರಪ್ಪನವರೂ ಪಂಚೆ ಎತ್ತಿ ಕಟ್ಟಿ ಚರಂಡಿಗೆ ಇಳಿದರು. ಮಾರನೇ ವಾರದಿಂದ ಅವರ ಅಂಗಡಿಯಲ್ಲಿ ಸಕ್ಕರೆ ಬೇಳೆಗಳು ಮತ್ತೆ ಕಾಗದದ ಪೊಟ್ಟಣದಲ್ಲಿ ಬಂದವು. ಹೆದರಿ ಹಾಗೆ ಮಾಡಿದರು ಎಂದು ಕೆಲವರು ಹೇಳುತ್ತಾರೆ. ಸೋಮಶೇಖರಪ್ಪ ಹೇಳುವುದು, "ಅರ್ಧ ಪಾಪ ತೀರಿಸಿದೆ."

ಕಡಿಯುವುದರಿಂದ ಆಗುವುದಿಲ್ಲವೆಂದು ತಿಳಿದ ಮೇಲೆ ಸುರೇಂದ್ರ ಅಡಿಕೆ ಹಾಳೆ ಹಿಡಿದ. ಆಲಿಕಲ್ಲು ಬಾಳೆ ಎಲೆಯನ್ನು ಸೀಳಬಹುದು, ಅಡಿಕೆ ಮರದಿಂದ ಬಿದ್ದ ಹಾಳೆಯನ್ನು ಸೀಳಲಾರದು. ಕಳಸದ ಕಡೆಯ ನೆಂಟರ ತೋಟದಿಂದ ಹೊರೆ ಹೊರೆ ತಂದು, ನೀರಲ್ಲಿ ನೆನೆಸಿ, ಕಲ್ಲು ಹೇರಿ ಚಪ್ಪಟೆ ಮಾಡಿ, ಅಂಚು ಕತ್ತರಿಸಿದ. ಪ್ರತಿ ವರ್ಷ ಯುಗಾದಿಗೆ ಎಂಟು ದಿನ ಮೊದಲು ಒಂದೊಂದು ಮನೆಯ ಬಾಗಿಲಿಗೆ ಒಂದೊಂದು ಹಾಳೆ ಇಟ್ಟು ಮಾತಾಡದೆ ಬರುತ್ತಿದ್ದ. ಇಪ್ಪತ್ತೆಂಟು ಹಾಳೆ. ಜನ ಅದನ್ನು ತೆಗೆದು ಹಪ್ಪಳ ಒಣಗಿಸಲು, ಕೋಳಿಗೆ ನುಚ್ಚು ಹಾಕಲು ಬಳಸಿದರು. ಮೀನು ತರಲು ಬುಟ್ಟಿಯೊಳಗೆ ಹಾಸಿಕೊಂಡು ಹೋದರು. ಮದುವೆಮನೆಯಲ್ಲಿ ಊಟಕ್ಕೂ ಹಾಳೆಯೇ ಬಂತು. ಗುಡ್ಡೆಗೆ ಮಾತ್ರ ಯಾರೂ ಕರೆಯಲಿಲ್ಲ.

ಮಾರಯ್ಯನ ಬಾಗಿಲಿಗೆ ಇಟ್ಟ ಹಾಳೆ ಪ್ರತಿ ವರ್ಷ ಮಾರನೇ ದಿನವೇ ಸುರೇಂದ್ರನ ಅಂಗಳಕ್ಕೆ ವಾಪಸು ಬರುತ್ತಿತ್ತು. ಅದರ ಮೇಲೆ ಎಡಗೈಯಲ್ಲಿ ಹಾಕಿದ ಮೂರು ಕತ್ತಿಯೇಟು, ಸೊಟ್ಟ ಸೊಟ್ಟ. ಸುರೇಂದ್ರ ಅವನ್ನು ಎಸೆಯಲಿಲ್ಲ. ಅಟ್ಟದಲ್ಲಿ ಜೋಡಿಸಿಟ್ಟ. ಐದಾದವು, ಆರಾದವು.

"ನಾನು ಹೋಗಿ ಹೇಳ್ತೀನಿ ಮಾರಯ್ಯನಿಗೆ. ತಿಂದವಳು ನಾನು. ಆ ಈಲಿ ಇನ್ನೂ ಕರಗಿಲ್ಲ ನಂಗೆ" ಎಂದಳು ದ್ಯಾವಮ್ಮ.

"ಬೇಡ ಅತ್ತೆ. ಕಡಿದದ್ದು ನೀನಲ್ಲ" ಎಂದ ಸುರೇಂದ್ರ.

ಆ ಹೊತ್ತಿಗೆ ದೇವರಮನೆಗೆ ವಾರದ ಕೊನೆಯಲ್ಲಿ ಬರುವ ಗಾಡಿಗಳು ನೂರು ದಾಟಿದ್ದವು. ಹುಲ್ಲುಗುಡ್ಡದ ಮೇಲೆ ಬಾಟಲಿ, ಚಿಪ್ಸ್ ಪೊಟ್ಟಣ, ಒಂದು ಸಲ ಕುಡಿದು ಎಸೆದ ಲೋಟ. ಊರಿನವರು ರಸ್ತೆಗೆ ಹಗ್ಗ ಕಟ್ಟಿ, ಪಕ್ಕದಲ್ಲಿ ಒಂದು ಗುಡಿಸಲು ಹಾಕಿದರು. ಗಾಡಿಯಲ್ಲಿದ್ದ ಬಾಟಲಿ ಪೊಟ್ಟಣ ಅಲ್ಲಿ ಬಿಟ್ಟು ಹೋಗುವುದು, ಇಳಿಯುವಾಗ ತೆಗೆದುಕೊಳ್ಳುವುದು. ಬಾಯಾರಿದವರಿಗೆ ಕೊಡಪಾನದ ನೀರು, ಸ್ಟೀಲ್ ಲೋಟ. ಭಾನುವಾರಗಳಂದು ಹಗ್ಗದ ಬಳಿ ಸುರೇಂದ್ರ. ಅವನ ಮುಖ ನೋಡಿಯೇ ಹೆಚ್ಚಿನವರು ಬಾಟಲಿ ಇಳಿಸುತ್ತಿದ್ದರು. ಕೃಷ್ಣಮ್ಮ ಪ್ರತಿ ಭಾನುವಾರ ಅವನು ಹೊರಡುವಾಗ ಸೊಂಟದ ಕೊಕ್ಕೆಯಲ್ಲಿ ತೂಗುವ ಕತ್ತಿಯನ್ನು ನೋಡುತ್ತಿದ್ದಳು, ಆಮೇಲೆ ಅವನ ಮುಖವನ್ನು.

"ಸೌದೆಗೆ ಬೇಕು" ಎನ್ನುತ್ತಿದ್ದ.

"ನಾನೇನು ಕೇಳಿದ್ನಾ" ಎನ್ನುತ್ತಿದ್ದಳು.

ಹೋದ ವರ್ಷ ಯುಗಾದಿಗೆ ಹದಿನೈದು ದಿನವಿರುವಾಗ, ಮಂಜು ಇನ್ನೂ ಹರಿಯದ ಒಂದು ಬೆಳಿಗ್ಗೆ, ಐದು ಜನರ ಒಂದು ಗಾಡಿ ಬಂತು. ಹಿಂದಿನ ಸೀಟಿನ ತುಂಬ ನೀರಿನ ಬಾಟಲಿ, ಬೀರು.

"ಬಾಟಲಿ ಇಲ್ಲಿ ಇಳಿಸಿ ಹೋಗಿ ಅಣ್ಣ" ಎಂದ ಸುರೇಂದ್ರ.

"ರಸ್ತೆ ನಿಮ್ಮಪ್ಪಂದಾ?" ಎಂದ ಗಾಡಿ ಓಡಿಸುತ್ತಿದ್ದವನು.

"ರಸ್ತೆ ಸರ್ಕಾರದ್ದು. ಕಸ ಹೆಕ್ಕೋದು ನಾವು."

ಒಳಗಿನಿಂದ ಒಬ್ಬ ತುಂಬಿದ ಬಾಟಲಿಯನ್ನು ಬೀಸಿ ಎಸೆದ. ಅದು ಸುರೇಂದ್ರನ ಹುಬ್ಬಿಗೆ ತಗುಲಿ ರಕ್ತ ಬಂತು. "ಹೆಕ್ಕು" ಎಂದ. ಸುರೇಂದ್ರ ಬಗ್ಗಿ ಹೆಕ್ಕಿದ. ಗುಡಿಸಲೊಳಗೆ ಇಟ್ಟು ಬಂದು ಮತ್ತೆ ಹಗ್ಗ ಹಿಡಿದು ನಿಂತ. ಇದು ಅವರಿಗೆ ಬೈಗುಳಕ್ಕಿಂತ ಹೆಚ್ಚಾಯಿತೇನೋ, ಇಳಿದರು. ಮೊದಲ ಏಟು ಕೆನ್ನೆಗೆ, ಆಮೇಲೆ ಹೊಟ್ಟೆಗೆ. ಕೆಳಗೆ ಬಿದ್ದ ಮೇಲೆ ಬೂಟುಗಾಲಿನಿಂದ ಪಕ್ಕೆಗೆ ಒದ್ದರು.

ಎಸ್ಟೇಟಿನಿಂದ ಒಳದಾರಿ ಹಿಡಿದು ಬರುತ್ತಿದ್ದ ಮಾರಯ್ಯ ಬೇಲಿಯ ಆಚೆ ನಿಂತು ಎಲ್ಲ ಕಂಡ. ಆಮೇಲೆ ಅವನೇ ಊರಿಗೆ ಹೇಳಿದ್ದು. ಸುರೇಂದ್ರನ ಬಲಗೈ ಸೊಂಟದ ಕೊಕ್ಕೆಗೆ ಹೋಯಿತು. ಕತ್ತಿಯ ಹಿಡಿ ಹಿಡಿಯಿತು. ಹಿಡಿದೇ ಇತ್ತು. ಒದೆ ಬೀಳುತ್ತಿತ್ತು, ಗೆಣ್ಣು ಬೆಳ್ಳಗಾಗಿತ್ತು. ಆಮೇಲೆ ಒಂದೊಂದೇ ಬೆರಳು ಬಿಚ್ಚಿತು. ಕೈ ನೆಲದ ಮೇಲೆ ತೆವಳಿ ಹಗ್ಗ ಕಟ್ಟಿದ ಗೂಟವನ್ನು ತಬ್ಬಿಕೊಂಡಿತು.

ಮಾರಯ್ಯ ಬೇಲಿಯಿಂದ ಒಂದು ಸಿಲ್ವರ್ ಮರದ ಗಳ ಕಿತ್ತುಕೊಂಡ. ಎಡಗೈಯಲ್ಲಿ ಬುಡ, ಬಲಗೈಯ ಎರಡು ಬೆರಳಲ್ಲಿ ಆಸರೆ. ಜಿಗಿದು ಬಂದವನು ಮೊದಲನೆಯವನ ಮೊಣಕಾಲಿಗೆ ಬೀಸಿದ. ಮೂಳೆಯ ಸದ್ದು ಕೇಳಿಸಿತು. ಎರಡನೆಯವನ ಮೂಗು ಒಡೆಯಿತು. ಗಾಡಿಯ ಮುಂದಿನ ಗಾಜು ಪುಡಿಯಾಯಿತು. ಒಬ್ಬರನ್ನೊಬ್ಬರು ಎಳೆದುಕೊಂಡು ಹತ್ತಿ ಗಾಡಿ ತಿರುಗಿಸಿಕೊಂಡು ಹೋದರು. ನಂಬರು ಬರೆದುಕೊಟ್ಟಿದ್ದೂ ಆಯಿತು, ಕಂಪ್ಲೇಂಟೂ ಆಯಿತು. ಅದು ಇನ್ನೂ ನಡೆಯುತ್ತಿದೆ.

ಮಾರಯ್ಯ ಉಸಿರು ಬಿಡುತ್ತ ಗೂಟದ ಪಕ್ಕ ಕೂತ. ಹನ್ನೊಂದು ವರ್ಷದಲ್ಲಿ ಅವನು ಸುರೇಂದ್ರನೊಂದಿಗೆ ಆಡಿದ ಮೊದಲ ಮಾತು ಇದು.

"ಕತ್ತಿ ಇತ್ತಲ್ಲೋ. ಯಾಕೆ ತೆಗೀಲಿಲ್ಲ?"

ಸುರೇಂದ್ರ ಬಾಯಿಯ ರಕ್ತ ಉಗಿದ. "ಕೃಷ್ಣಿ ಮನೆ ಬಿಟ್ಟು ಹೋಗ್ತಾಳೆ."

ಮಾರಯ್ಯ ಅವನನ್ನೇ ನೋಡಿದ. ಆಮೇಲೆ ನಗತೊಡಗಿದ. ನಕ್ಕು ನಕ್ಕು ಕೆಮ್ಮಿದ. "ನನ್ನ ಬೆರಳು ಹೋಗೋಕೆ ಮುಂಚೆ ಹೇಳಿದ್ರೆ ಎಂತ ಆಗ್ತಿತ್ತು ಅವಳಿಗೆ."

"ನಗಿಸಬೇಡ ಮಾರ. ಪಕ್ಕೆ ನೋಯುತ್ತೆ."

ಆ ವರ್ಷ ಮಾರಯ್ಯನ ಬಾಗಿಲಿಗೆ ಇಟ್ಟ ಹಾಳೆ ವಾಪಸು ಬರಲಿಲ್ಲ.

ವರ್ಷತೊಡಕಿನ ಬೆಳಿಗ್ಗೆ ಬಯಲಿಗೆ ಎರಡು ಹಂದಿ ಬಂದವು. ಸುರೇಂದ್ರನ ಪಕ್ಕೆಗೆ ಕೃಷ್ಣಮ್ಮ ಹಳೆ ಸೀರೆ ಬಿಗಿದು ಕಟ್ಟಿದ್ದಳು. ಆಸ್ಪತ್ರೆಗೆ ಹೋಗೋಣವೆಂದು ಹದಿನೈದು ದಿನದಿಂದ ಹೇಳುತ್ತಿದ್ದಳು. ಹಬ್ಬ ಮುಗಿಯಲಿ ಎಂದಿದ್ದ. ತೊಡೆಯನ್ನು ತಾನೇ ಹೊಲಿದುಕೊಂಡವನಿಗೆ ಪಕ್ಕೆ ನೋವು ಎಷ್ಟರದು. ಮಂಡಿಯೂರಿದ, ಕುತ್ತಿಗೆ ತಡವಿದ, ಒಂದೇ ತಿವಿತ. ಎರಡನೆಯದಕ್ಕೂ ಒಂದೇ. ಕಡಿಯುವಾಗ ಮಾತ್ರ ಆಗಾಗ ನಿಂತು ಕೊರಡಿಗೆ ಕೈಯೂರುತ್ತಿದ್ದ. ಮುಖದ ಬಣ್ಣ ಸರಿಯಿರಲಿಲ್ಲ. ಇಪ್ಪತ್ತೆಂಟು ಹಾಳೆ, ಇಪ್ಪತ್ತೆಂಟು ಗುಡ್ಡೆ. ಊರು ಸುತ್ತ ನಿಂತು ನೋಡಿತು. ಯಾರೂ ಬೆರಳು ತೋರಿಸಲಿಲ್ಲ.

ಈಲಿ ಕೈಯಲ್ಲಿ ಹಿಡಿದು ಸುರೇಂದ್ರ ಕಾದ.

ಮಾರಯ್ಯ ಬಿಳಿ ಪಂಚೆ ಉಟ್ಟು ಬಂದ. ಗುಡ್ಡೆಗಳನ್ನು ನೋಡಿದ, ಕೆಂಪಾದ ಕತ್ತಿಯನ್ನು ನೋಡಿದ. ಎರಡು ಬೆರಳಿನ ಕೈಯನ್ನು ಎದೆಯ ಮೇಲೆ ಕಟ್ಟಿಕೊಂಡು, ನಿಧಾನವಾಗಿ, ತಿರುಗಿ ನಿಂತ. ಅವನ ಕುತ್ತಿಗೆಯ ನರ ಬಡಿಯುತ್ತಿದ್ದುದು ಹಿಂದಿದ್ದವರಿಗೆಲ್ಲ ಕಾಣುತ್ತಿತ್ತು.

"ಈಲಿ ಆ ಮುದುಕಿಗೆ ಹಾಕು. ಒಂದು ಸಲ ರುಚಿ ಕಂಡಿದ್ದಾಳೆ" ಎಂದ.

"ನಿನ್ನ ಬಾಯಿಗೆ ಹುಳ ಬೀಳ" ಎಂದಳು ದ್ಯಾವಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ಊರು ನಕ್ಕಿತು.

"ಇದು ಯಾರಿಗೆ?" ಎಂದ ಸುರೇಂದ್ರ.

"ಮೇಲಿನಮನೆಗೆ."

"ಇದು?"

ಇಪ್ಪತ್ತೇಳರವರೆಗೆ ಬಂತು. ಇಪ್ಪತ್ತೆಂಟನೆಯದರ ಮೇಲೆ ಕತ್ತಿ ಇಟ್ಟವನು ಕೇಳಲಿಲ್ಲ. ಮಾರಯ್ಯ ಕಾದ. ತಿರುಗಿ ನೋಡಬಾರದು, ನೋಡಲಿಲ್ಲ. ಜನ ಓಡಿದ ಸದ್ದು ಕೇಳಿದ ಮೇಲೆ ನೋಡಿದ. ಸುರೇಂದ್ರ ಗುಡ್ಡೆಯ ಪಕ್ಕ ಬಿದ್ದಿದ್ದ. ಬಾಯಿಂದ ಬಂದ ರಕ್ತ ಹಾಳೆಯ ಮೇಲಿದ್ದ ರಕ್ತದೊಂದಿಗೆ ಸೇರುತ್ತಿತ್ತು. ಹೆಸರು ಕೂಗದೆ ಉಳಿದದ್ದು ಅವನದೇ ಮನೆಯ ಗುಡ್ಡೆ.

ಹದಿನೈದು ದಿನದಿಂದ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು ಎಂದು ಮೂಡಿಗೆರೆಯ ಡಾಕ್ಟರು ಹೇಳಿದರು. ಮೂರನೇ ದಿನ ಬೆಳಿಗ್ಗೆ ಸತ್ತ. ಬಯಲಿನ ಹುಲ್ಲಿನ ಮೇಲೆ ಹಂದಿ ಸುಟ್ಟ ಕರಿ ಇನ್ನೂ ಹಾಗೇ ಇತ್ತು.

ಆಂಬುಲೆನ್ಸು ಅಂಗಳಕ್ಕೆ ಬಂದು ನಿಂತಾಗ ಊರೆಲ್ಲ ಸೇರಿತ್ತು. ಕೆಳಗಿಳಿಸಿದರು. ತಲೆಯಿಂದ ಪಾದದವರೆಗೆ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೂರು ಕಡೆ ಟೇಪು ಹಾಕಿ ಬಿಗಿದಿದ್ದರು. ಕಪ್ಪು. ಒಳಗಿರುವುದು ಯಾರೆಂದು ಕಾಣುತ್ತಿರಲಿಲ್ಲ. ಹೀಗೆಯೇ ಒಯ್ಯುವುದು ಒಳ್ಳೆಯದು ಎಂದು ಆಂಬುಲೆನ್ಸಿನವನು ಹೇಳಿದ.

ಕೃಷ್ಣಮ್ಮ ಒಳಗೆ ಹೋದಳು. ಗೋಡೆಯ ಕೊಕ್ಕೆಯಿಂದ ಗಂಡನ ಕತ್ತಿ ತೆಗೆದುಕೊಂಡು ಬಂದಳು. ಆಂಬುಲೆನ್ಸಿನವನು ಎರಡು ಹೆಜ್ಜೆ ಹಿಂದೆ ಸರಿದ. ಅವಳು ಮಂಡಿಯೂರಿ ಎಡಗೈಯಲ್ಲಿ ಕುತ್ತಿಗೆಯ ಹತ್ತಿರ ತಡವಿ ಜಾಗ ಹುಡುಕಿ, ಕತ್ತಿಯ ತುದಿ ಸಿಕ್ಕಿಸಿ, ಒಂದೇ ಎಳೆತಕ್ಕೆ ಕಾಲಿನವರೆಗೆ ಸೀಳಿದಳು. ಪ್ಲಾಸ್ಟಿಕ್ಕನ್ನು ಎರಡು ಕಡೆಗೆ ಹರಿದು ಕಿತ್ತು, ಮುದುರಿ, ಆಂಬುಲೆನ್ಸಿನವನ ಕೈಗೇ ಕೊಟ್ಟಳು.

"ಇದು ನಿಮ್ಮದು. ತಗೊಂಡು ಹೋಗಿ."

ಸ್ನಾನ ಮಾಡಿಸಿ ಒಳಗೆ ಮಲಗಿಸಿದರು. ಅಟ್ಟದಲ್ಲಿದ್ದ ಹಾಳೆಗಳನ್ನು ದ್ಯಾವಮ್ಮ ಇಳಿಸಿ ತರಿಸಿ ಕೆಳಗೆ ಹಾಸಿದಳು. ಅವುಗಳ ಮೇಲೆಲ್ಲ ಮೂರು ಮೂರು ಸೊಟ್ಟ ಏಟು. ಮಾರಯ್ಯ ಅದನ್ನು ಕಂಡು ಜಗಲಿಯ ಕಂಬ ಹಿಡಿದುಕೊಂಡ.

ಬಿದಿರಿನ ಚಟ್ಟ ಸಿದ್ಧವಾಯಿತು. ಸುರೇಂದ್ರನಿಗೆ ಮಕ್ಕಳಿರಲಿಲ್ಲ. ಬೆಂಕಿಯ ಮಡಕೆ ಯಾರಿಗೆ ಎಂದು ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು.

"ಮಾರಯ್ಯಣ್ಣನಿಗೆ" ಎಂದಳು ಕೃಷ್ಣಮ್ಮ ಹೊಸ್ತಿಲ ಒಳಗಿನಿಂದ.

ಮಾರಯ್ಯ ಬಂದು ಮಡಕೆಯ ಹಗ್ಗವನ್ನು ಬಲಗೈಗೇ ತೆಗೆದುಕೊಂಡ, ಹೆಬ್ಬೆರಳು ತೋರುಬೆರಳಿನ ನಡುವೆ. ಕೊಡಿ ನಾವು ಹಿಡಿಯುತ್ತೇವೆ ಎಂದವರಿಗೆ ತಲೆಯಾಡಿಸಿದ. ನಾಲ್ವರು ಚಟ್ಟ ಎತ್ತಿದರು. ಕೃಷ್ಣಮ್ಮ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಮಾರಯ್ಯ ಮುಂದೆ ನಿಂತ, ಬೆನ್ನು ಹಾಕಿ. ಬೆಂಕಿ ಹಿಡಿದವನು ಹಿಂದೆ ತಿರುಗಿ ನೋಡಬಾರದು ಎನ್ನುವುದು ಶಾಸ್ತ್ರ. ಅವನಿಗೆ ಅದು ರೂಢಿಯಿತ್ತು. ಅವನು ನಡೆದ, ಹಿಂದೆ ಸುರೇಂದ್ರ ಹೊಸ್ತಿಲು ದಾಟಿದ.